ದಾರಿಯ ಕೊನೆಯ ಛತ್ರ: ಹಾಸ್ಪಿಸ್ ಆರೈಕೆ ನಡೆದು ಬಂದ ಹಾದಿ



“ಇನ್ನ ಮನೀಗೆ ಕರಕೊಂಡು ಹೋಗ್ರಿ.”

ಬಿದ್ರಿ, ಗಡಹಿಂಗ್ಲಜ, ಇಚಲಕರಂಜಿ ಭಾಗದ ನಮ್ಮ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಮಿರಜ, ಕೊಲ್ಲಾಪುರ, ಬೆಳಗಾವಿ ಎಂದು ಆಸ್ಪತ್ರೆಗಳನ್ನು ಸುತ್ತುತ್ತೇವೆ. ಕಬ್ಬಿನ ಬಿಲ್ಲಿನ ಹಣವೂ ಮಗ್ಗದ ಪಗಾರವೂ ಖರ್ಚಾಗುತ್ತವೆ. ಕೊನೆಗೆ ಒಂದು ದಿನ ಡಾಕ್ಟರು ಈ ಮಾತು ಹೇಳುತ್ತಾರೆ. ಮನೆಗೆ ಕರೆದುಕೊಂಡು ಹೋಗಿ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಒಬ್ಬ ಅಜ್ಜಿಗೆ ಹೀಗೇ ಆಯಿತು. ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ನಾವು ಯುವಕ ಯುವತಿಯರು ಸಂಜೆ ಜಪಸರ ಪ್ರಾರ್ಥನೆಗೆಂದು ಅವರ ಮನೆಗೆ ಹೋದೆವು. ಒಳಗೆ ಅಜ್ಜಿ ನರಳುತ್ತಿದ್ದರು. ಪ್ರಾರ್ಥನೆ ಮುಗಿಸಿ ಹೊರಡುವಾಗ ಸೊಸೆ ಬಾಗಿಲ ತನಕ ಬಂದು, “ರಾತ್ರಿಯೆಲ್ಲಾ ಒದರತಾರ. ಏನರ ಮಾಡಾಕ ಬರತೈತೇನ್ರಿ?” ಎಂದು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. “ದೇವರಿದ್ದಾನೆ ಅಕ್ಕಾ” ಎಂದು ಹೇಳಿ ಬಂದೆವು. ದೇವರಿದ್ದಾನೆ ಎನ್ನುವುದು ನಿಜವೇ. ಆದರೆ ಅದನ್ನು ಹೇಳಿ ನಾವು ಹೊರಟು ಬಂದೆವಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಏನಾದರೂ ಮಾಡಲು ಬರುತ್ತದೆಯೇ? ಬರುತ್ತದೆ. ಅದನ್ನು ಕಲಿಯಲು ಮನುಷ್ಯರಿಗೆ ಸಾವಿರದ ಆರುನೂರು ವರ್ಷ ಹಿಡಿಯಿತು. ಈ ಕಥೆಯ ಉದ್ದಕ್ಕೂ ನಮ್ಮ ಧರ್ಮಸಭೆಯ ಹೆಜ್ಜೆಗಳಿವೆ. ಅದನ್ನು ತಿಳಿದುಕೊಂಡರೆ ಆ ಅಕ್ಕನ ಪ್ರಶ್ನೆಗೆ ಮುಂದಿನ ಸಲವಾದರೂ ಉತ್ತರ ಕೊಡಬಹುದು.

ಛತ್ರದಿಂದ ಹುಟ್ಟಿದ ಮಾತು

‘ಹಾಸ್ಪಿಸ್’ ಎಂಬ ಪದ ಲ್ಯಾಟಿನ್ ಭಾಷೆಯ ‘ಹಾಸ್ಪೆಸ್’ನಿಂದ ಬಂದದ್ದು. ಆ ಪದಕ್ಕೆ ಅತಿಥಿ ಎಂಬ ಅರ್ಥವೂ ಇದೆ, ಅತಿಥಿಯನ್ನು ಬರಮಾಡಿಕೊಳ್ಳುವವನು ಎಂಬ ಅರ್ಥವೂ ಇದೆ. ಹಾಸ್ಪಿಟಲ್, ಹೋಟೆಲ್ ಎಂಬ ಮಾತುಗಳೂ ಇದೇ ಬೇರಿನವು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಛತ್ರ. ದಣಿದ ದಾರಿಹೋಕನಿಗೆ ನೀರು, ಊಟ, ನೆರಳು ಕೊಟ್ಟು, ಬೆಳಗಾದ ಮೇಲೆ ಕಳಿಸಿಕೊಡುವ ಜಾಗ.

ಸಂತ ಲೂಕರ ಶುಭಸಂದೇಶದ ಸದಯ ಸಮಾರಿತನನ್ನು ನೆನಪಿಸಿಕೊಳ್ಳಿ. ಅವನು ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿದ ಮೇಲೆ ಗಾಯಾಳುವನ್ನು ಒಂದು ಛತ್ರಕ್ಕೆ ಕರೆದೊಯ್ದ. ರಾತ್ರಿ ಅಲ್ಲೇ ಉಳಿದು ನೋಡಿಕೊಂಡ. ಮರುದಿನ ಛತ್ರದವನ ಕೈಗೆ ಹಣ ಕೊಟ್ಟು, ಖರ್ಚು ಹೆಚ್ಚಾದರೆ ಮರಳಿ ಬಂದು ಕೊಡುವೆನೆಂದ. ಹಾಸ್ಪಿಸ್‌ನ ಮೂರು ಕೆಲಸಗಳೂ ಈ ಸಾಮತಿಯಲ್ಲಿವೆ: ನೋವಿಗೆ ಔಷಧ, ಪಕ್ಕದಲ್ಲಿ ಒಬ್ಬರು, ನಾಳಿನ ಖರ್ಚಿನ ಚಿಂತೆ.

ಆದಿ ಧರ್ಮಸಭೆ ಇದನ್ನು ಕಥೆಯಾಗಿ ಕೇಳಿ ಬಿಡಲಿಲ್ಲ. ಸುಮಾರು ಕ್ರಿ.ಶ. 370ರ ಹೊತ್ತಿಗೆ ಸಂತ ಬೆಸಿಲರು ಈಗಿನ ಟರ್ಕಿಯಲ್ಲಿರುವ ಸೆಸರಿಯಾ ನಗರದ ಹೊರಗೆ ಬಡವರಿಗೆ, ಪ್ರಯಾಣಿಕರಿಗೆ, ರೋಗಿಗಳಿಗೆ ದೊಡ್ಡ ಆಶ್ರಯವನ್ನೇ ಕಟ್ಟಿಸಿದರು. ಅದೇ ಶತಮಾನದ ಕೊನೆಯಲ್ಲಿ ಫಾಬಿಯೋಲಾ ಎಂಬ ಶ್ರೀಮಂತ ಮಹಿಳೆ ರೋಮ್‌ನಲ್ಲಿ ಆಸ್ಪತ್ರೆ ತೆರೆದು, ಬೀದಿಯಲ್ಲಿ ಬಿದ್ದ ರೋಗಿಗಳನ್ನು ತಾನೇ ಎತ್ತಿ ತಂದು ಉಪಚರಿಸಿದಳೆಂದು ಸಂತ ಜೆರೋಮರು ಬರೆದಿದ್ದಾರೆ.

ವಾಸಿಯಾಗದವರ ವಾರ್ಡಿನಲ್ಲಿ ಒಬ್ಬ ಜೂಜುಗಾರ

ಮುಂದೆ 16ನೇ ಶತಮಾನ. ಇಟಲಿಯ ಕಮಿಲ್ಲಸ್ ಎಂಬ ಎತ್ತರದ ಸೈನಿಕನಿಗೆ ಜೂಜಿನ ಹುಚ್ಚು. ಕಾಲಿನಲ್ಲಿ ವಾಸಿಯಾಗದ ಹುಣ್ಣು ಬೇರೆ. ಚಿಕಿತ್ಸೆಗೆಂದು ರೋಮ್‌ನಲ್ಲಿ ವಾಸಿಯಾಗದ ರೋಗಿಗಳಿಗೆಂದೇ ಇದ್ದ ಸಂತ ಯಕೋಬರ ಆಸ್ಪತ್ರೆ ಸೇರಿದ. ಅಲ್ಲಿ ಸಾಯುವವರನ್ನು ಎಷ್ಟು ಒರಟಾಗಿ ನಡೆಸಿಕೊಳ್ಳುತ್ತಾರೆಂದು ಹಾಸಿಗೆಯಲ್ಲಿದ್ದೇ ಕಂಡ. ಮನಪರಿವರ್ತನೆಯಾದ ಮೇಲೆ ಅವನೇ ಗುರುವಾಗಿ, ರೋಗಿಗಳ ಸೇವೆಗೆಂದೇ ಒಂದು ಸಭೆ ಕಟ್ಟಿದ. ಎದೆಯ ಮೇಲೆ ಕೆಂಪು ಶಿಲುಬೆ ಧರಿಸುವ ಆ ಸಭೆಯವರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದನ್ನು ತೊಡುತ್ತಾರೆ: ಪ್ರಾಣಾಪಾಯವಿದ್ದರೂ ರೋಗಿಗಳನ್ನು ಬಿಡುವುದಿಲ್ಲ ಎಂದು. ಸಂತ ಕಮಿಲ್ಲಸ್ 1614ರ ಜುಲೈ 14ರಂದು ತೀರಿಕೊಂಡರು. ಈ ದಿನಾಂಕ ನೆನಪಿಡಿ, ಮತ್ತೆ ಬರುತ್ತದೆ.

19ನೇ ಶತಮಾನದಲ್ಲಿ ಯುರೋಪಿನ ಆಸ್ಪತ್ರೆಗಳು ಬೆಳೆದವು. ಆದರೆ ಗುಣವಾಗುವವರಿಗೆ ಹಾಸಿಗೆ ಬೇಕೆಂದು ಕ್ಷಯ, ಕ್ಯಾನ್ಸರ್ ರೋಗಿಗಳನ್ನು ಹಲವು ಕಡೆ ಹೊರಗೇ ಇಟ್ಟವು. ಅವರನ್ನು ಒಳಗೆ ಕರೆದವರಲ್ಲಿ ಹೆಚ್ಚಿನವರು ಹೆಂಗಸರು. ಫ್ರಾನ್ಸಿನ ಲಿಯೋನ್ ನಗರದ ಜೀನ್ ಗಾರ್ನಿಯೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡಿದ್ದಳು. ತನ್ನಂಥ ವಿಧವೆಯರನ್ನು ಸೇರಿಸಿಕೊಂಡು 1842ರಲ್ಲಿ ವಾಸಿಯಾಗದ ರೋಗಿಗಳ ಸೇವೆ ಆರಂಭಿಸಿದಳು. ಐರ್ಲೆಂಡಿನ ಮೇರಿ ಐಕೆನ್‌ಹೆಡ್ ಸ್ಥಾಪಿಸಿದ ಸಿಸ್ಟರ್ಸ್ ಆಫ್ ಚಾರಿಟಿ ಧರ್ಮಭಗಿನಿಯರು 1879ರಲ್ಲಿ ಡಬ್ಲಿನ್‌ನ ತಮ್ಮ ಕಾನ್ವೆಂಟನ್ನೇ ಸಾಯುವವರ ಮನೆಯಾಗಿ ಮಾಡಿದರು. 1905ರಲ್ಲಿ ಅದೇ ಭಗಿನಿಯರು ಲಂಡನ್ನಿನ ಹ್ಯಾಕ್ನಿಯಲ್ಲಿ ಸಂತ ಜೋಸೆಫರ ಹಾಸ್ಪಿಸ್ ತೆರೆದರು.

ಈ ಮನೆಗಳಲ್ಲಿ ಪ್ರೀತಿ ಇತ್ತು, ಶುಚಿಯಾದ ಹಾಸಿಗೆ ಇತ್ತು, ಪ್ರಾರ್ಥನೆ ಇತ್ತು. ನೋವನ್ನು ಸರಿಯಾಗಿ ಆಳುವ ವಿದ್ಯೆ ಮಾತ್ರ ಇನ್ನೂ ಬಲಿತಿರಲಿಲ್ಲ.

ನಮ್ಮ ಕಡೆಯ ಹಳೆಯ ಹೆಜ್ಜೆಗಳು

ಇದೇ ಕಾಲಕ್ಕೆ ನಮ್ಮ ನಾಡಿನಲ್ಲೂ ಕೆಲಸ ನಡೆದಿತ್ತು. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಆಗ ಕುಷ್ಠಕ್ಕೆ ಮದ್ದಿರಲಿಲ್ಲ. ಗುಣವಾಗುವುದಿಲ್ಲ ಎಂದು ಗೊತ್ತಿದ್ದೂ ಗಾಯ ತೊಳೆದರು.

ನಮಗೆ ಇನ್ನೂ ಹತ್ತಿರದ್ದು ಮಿರಜ. ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು. ಮರಾಠಿಯವರಿಗೂ ಕನ್ನಡದವರಿಗೂ ಅದು ತಲೆಮಾರುಗಳ ಕಾಲ ದೊಡ್ಡಾಸ್ಪತ್ರೆ. ಶಸ್ತ್ರಚಿಕಿತ್ಸೆಗೆ ಹೆಸರಾದ ಅದೇ ಮಿಷನ್ನಿನ ಕೆಲಸದೊಳಗೆ ಕುಷ್ಠರೋಗಿಗಳಿಗೆ ಬೇರೆ ಆಸ್ಪತ್ರೆ, ಕ್ಷಯರೋಗಿಗಳಿಗೆ ವಾನ್ಲೆಸ್‌ವಾಡಿಯ ಆರೋಗ್ಯಧಾಮವೂ ಬೆಳೆದವು. ಕತ್ತರಿ ಹಿಡಿದು ಗುಣಪಡಿಸಲು ಬಂದವರು ಗುಣವಾಗದವರಿಗೂ ಜಾಗ ಮಾಡಿದರು ಎಂಬುದನ್ನು ನಾವು ಮರೆಯಬಾರದು. ಪಂಗಡ ಬೇರೆಯಾದರೂ ಸೇವೆ ಒಂದೇ ಪ್ರಭುವಿನದು.

ಕಿಟಕಿಗೆಂದು ಐನೂರು ಪೌಂಡು

ಇಂದಿನ ಹಾಸ್ಪಿಸ್ ಆರೈಕೆ ಶುರುವಾದದ್ದು ಒಬ್ಬ ಬಡ ರೋಗಿಯ ಹಾಸಿಗೆಯ ಬಳಿ. ಪೋಲೆಂಡಿನ ವಾರ್ಸಾದಿಂದ ಬಂದಿದ್ದ ಡೇವಿಡ್ ಟಾಸ್ಮಾ ಎಂಬ ಯೆಹೂದಿ 1948ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ. ವಯಸ್ಸು ನಲವತ್ತು. ಅವನಿಗೆ ಆ ಊರಿನಲ್ಲಿ ಸ್ವಂತದವರೆಂದು ಯಾರೂ ಇರಲಿಲ್ಲ. ಅವನನ್ನು ನೋಡಲು ಬರುತ್ತಿದ್ದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿದ್ದು, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು, ಆಸ್ಪತ್ರೆಯ ಸಮಾಜಸೇವಕಿಯಾಗಿದ್ದರು. ಸಾಯುವವರು ನೋವಿಲ್ಲದೆ, ಒಂಟಿಯಾಗದೆ ಇರಬಹುದಾದ ಮನೆ ಹೇಗಿರಬೇಕೆಂದು ಇಬ್ಬರೂ ಮಾತನಾಡಿಕೊಳ್ಳುತ್ತಿದ್ದರು. ಟಾಸ್ಮಾ ಸಾಯುವಾಗ ಅವರಿಗೆ 500 ಪೌಂಡು ಬಿಟ್ಟುಹೋದ. ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿದ್ದನಂತೆ.

ಆ ಕಿಟಕಿಯ ಸುತ್ತ ಮನೆ ಕಟ್ಟಲು ಸಾಂಡರ್ಸ್‌ಗೆ 19 ವರ್ಷ ಬೇಕಾಯಿತು. ಸಾಯುವವರನ್ನು ಕೈಬಿಡುತ್ತಿರುವುದು ಡಾಕ್ಟರುಗಳೇ, ಅವರ ಕಿವಿಗೆ ಬೀಳಬೇಕಾದರೆ ನೀನೂ ಡಾಕ್ಟರಾಗು ಎಂದು ಒಬ್ಬ ಶಸ್ತ್ರಚಿಕಿತ್ಸಕರು ಸಲಹೆ ಕೊಟ್ಟರು. ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಲು ಕುಳಿತು 1957ರಲ್ಲಿ ಅವರು ಡಾಕ್ಟರಾದರು. ಮರುವರ್ಷ ಹ್ಯಾಕ್ನಿಯ ಅದೇ ಐರಿಷ್ ಧರ್ಮಭಗಿನಿಯರ ಹಾಸ್ಪಿಸ್‌ಗೆ ಹೋದರು. ಭಗಿನಿಯರ ಬಳಿ ಹಾಸಿಗೆಯ ಪಕ್ಕ ಕೂರುವ ತಾಳ್ಮೆ ಇತ್ತು, ಇವರ ಬಳಿ ಔಷಧದ ಲೆಕ್ಕ ಇತ್ತು. ಎರಡೂ ಅಲ್ಲಿ ಕೂಡಿದವು.

ಆ ಲೆಕ್ಕ ಸರಳ. ಆಗೆಲ್ಲ ರೋಗಿ ನೋವಿನಿಂದ ಕೂಗಿದ ಮೇಲೆ ಮಾರ್ಫಿನ್ ಕೊಡುತ್ತಿದ್ದರು. ಚಟವಾದೀತು ಎಂಬ ಭಯ. ಔಷಧದ ಬಲ ಇಳಿದು ನೋವು ಮರಳುತ್ತಿತ್ತು, ಮತ್ತೆ ಕೂಗಬೇಕಿತ್ತು. ಸಾಂಡರ್ಸ್ ನೋವು ಮರಳುವ ಮೊದಲೇ, ಗಡಿಯಾರ ನೋಡಿ, ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ, ಬಾಯಿಯ ಮೂಲಕವೇ ಕೊಟ್ಟರು. ರೋಗಿಗಳು ಮಂಪರಿನಲ್ಲಿ ಮುಳುಗಲಿಲ್ಲ, ಎದ್ದು ಕುಳಿತು ಮಾತನಾಡಿದರು. ಸದಾ ಇರುವ ನೋವಿಗೆ ಸದಾ ಔಷಧ ಬೇಕು ಎಂಬ ಪಾಠ ಜಗತ್ತಿಗೆ ಸಿಕ್ಕಿತು.

ಅವರು ಇನ್ನೊಂದನ್ನೂ ಹೇಳಿದರು. ನೋವು ಮೈಯಲ್ಲಿ ಮಾತ್ರ ಇರುವುದಿಲ್ಲ. ಮನಸ್ಸಿನ ಭಯ, ಮಗಳ ಮದುವೆಯ ಚಿಂತೆ, ಸಾಲ, ದೇವರು ನನ್ನ ಕೈಬಿಟ್ಟನೇ ಎಂಬ ಪ್ರಶ್ನೆ, ಇವೆಲ್ಲ ಸೇರಿ ಒಂದೇ ನೋವು. ಇದನ್ನು ಅವರು ‘ಸಮಗ್ರ ನೋವು’ ಎಂದು ಕರೆದರು. ಹಾಗಾಗಿ ಡಾಕ್ಟರು, ನರ್ಸು, ಸಮಾಜಸೇವಕರು, ಗುರುಗಳು, ಸ್ವಯಂಸೇವಕರು ಎಲ್ಲರೂ ಕೂಡಿ ನೋಡಬೇಕಾಯಿತು.

1967ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಅವರ ಹಾಸ್ಪಿಸ್ ತೆರೆಯಿತು. ಇಟ್ಟ ಹೆಸರು ಪ್ರಯಾಣಿಕರ ಪಾಲಕ ಸಂತ ಕ್ರಿಸ್ಟೋಫರರದು. ಎರಡು ವರ್ಷಗಳಲ್ಲಿ ಮನೆಗಳಿಗೇ ಹೋಗಿ ಆರೈಕೆ ಮಾಡುವ ತಂಡವೂ ಸಿದ್ಧವಾಯಿತು. ಟಾಸ್ಮಾನ ಕಿಟಕಿ ಇಂದಿಗೂ ಅಲ್ಲಿದೆ. ಸಾಂಡರ್ಸ್ 2005ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡರು. ದಿನಾಂಕ ಜುಲೈ 14.

1970ರ ದಶಕದಲ್ಲಿ ಕೆನಡಾದ ಡಾ. ಬಾಲ್ಫೋರ್ ಮೌಂಟ್ ಈ ಆರೈಕೆಗೆ ‘ಪ್ಯಾಲಿಯೇಟಿವ್ ಕೇರ್’ ಎಂಬ ಹೆಸರನ್ನು ಬಳಕೆಗೆ ತಂದರು. ಈಗ ನಮ್ಮ ಆಸ್ಪತ್ರೆಗಳ ಬೋರ್ಡುಗಳಲ್ಲಿ ಕಾಣುವ ಹೆಸರೂ ಅದೇ. ಕನ್ನಡದಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ. ಅದರ ಬೇರು ‘ಪಾಲಿಯುಮ್’, ಅಂದರೆ ಮೇಲುಹೊದಿಕೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಹೊದಿಕೆಯನ್ನು ಕತ್ತರಿಸಿ ಅರ್ಧ ಕೊಟ್ಟ ಸಂತ ಮಾರ್ಟಿನರು ನಮಗೆ ನೆನಪಾಗಬೇಕು. ಅವರಿಂದ ಚಳಿಗಾಲವನ್ನು ನಿಲ್ಲಿಸಲಾಗಲಿಲ್ಲ. ಹೊದಿಸಲು ಆಯಿತು.

ಭಾರತದಲ್ಲಿ: ಧರ್ಮಶಾಲೆಯಿಂದ ಕರುಣಾಶ್ರಯದವರೆಗೆ

1952ರ ಆಗಸ್ಟ್‌ನಲ್ಲಿ ಮದರ್ ತೆರೇಸಾ ಕಲ್ಕತ್ತೆಯ ಕಾಳಿಘಾಟ್‌ನಲ್ಲಿ ‘ನಿರ್ಮಲ ಹೃದಯ’ ತೆರೆದರು. ನಗರಪಾಲಿಕೆ ಅವರಿಗೆ ಕೊಟ್ಟ ಜಾಗ ಕಾಳಿ ದೇವಸ್ಥಾನದ ಪಕ್ಕದ ಯಾತ್ರಿಕರ ಧರ್ಮಶಾಲೆ. ಹಾಸ್ಪಿಸ್ ಎಂಬ ಪದದ ಹಳೆಯ ಅರ್ಥ ಅಲ್ಲಿ ಅಕ್ಷರಶಃ ನಿಜವಾಯಿತು. ಸತ್ತವರಿಗೆ ಅವರವರ ಧರ್ಮದ ಪ್ರಕಾರವೇ ಅಂತ್ಯಕ್ರಿಯೆ. ಆದರೆ 1994ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ, ಅಲ್ಲಿ ಬಲವಾದ ನೋವುನಿವಾರಕಗಳಿಲ್ಲ ಎಂದು ಬರೆಯಿತು. ಸಂತರ ಮನೆಯ ಬಗ್ಗೆ ಇಂಥ ಮಾತು ಕೇಳಲು ನಮಗೆ ಕಷ್ಟ. ಆದರೂ ಇದನ್ನು ಮುಚ್ಚಿಡಬೇಕಾಗಿಲ್ಲ. ಬೀದಿಯಲ್ಲಿ ಸಾಯುತ್ತಿದ್ದವರನ್ನು ಯಾರೂ ಮುಟ್ಟದಿದ್ದಾಗ ಮದರ್ ಮುಟ್ಟಿದರು. ಮುಟ್ಟುವ ಕೈಯಲ್ಲಿ ಔಷಧವೂ ಇರಲಿ ಎಂದು ಕಾಲ ಕಲಿಸಿತು.

1986ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ಎಲ್. ಜೆ. ಡಿಸೋಜ ಬಾಂದ್ರಾದಲ್ಲಿ, ಮೌಂಟ್ ಮೇರಿ ಬಳಿ, ‘ಶಾಂತಿ ಅವೇದನಾ’ ಆಶ್ರಮ ತೆರೆದರು. ಭಾರತದ ಮೊದಲ ಆಧುನಿಕ ಹಾಸ್ಪಿಸ್ ಅದು. ಹಣ ಕೇಳುವುದಿಲ್ಲ, ಧರ್ಮಭಗಿನಿಯರು ಆರೈಕೆ ಮಾಡುತ್ತಾರೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಹಂತ ಹಂತವಾಗಿ ಔಷಧ ಕೊಡುವ ಕ್ರಮವನ್ನು ಪ್ರಕಟಿಸಿತು.

ಬೆಂಗಳೂರಿನಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಕ್ಲಬ್ ಕೂಡಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು. ಮೊದಲು ಮನೆಮನೆಗೆ ಹೋಗಿ ಆರೈಕೆ, 1999ರಲ್ಲಿ ಮಾರತ್ತಹಳ್ಳಿ ಬಳಿ ‘ಕರುಣಾಶ್ರಯ’ ಎಂಬ ಮನೆ. ಕಲ್ಲಿನ ಗೋಡೆಗಳ ನಡುವೆ ನೀರಿನ ಕೊಳ, ಹಾಸಿಗೆಯಿಂದಲೇ ಕಾಣುವ ಹಸಿರು. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರಿಗೆ ಅಲ್ಲಿ ಎಲ್ಲವೂ ಉಚಿತ. ಇದು ಕ್ರೈಸ್ತ ಸಂಸ್ಥೆಯಲ್ಲ, ಎಲ್ಲ ಮತದವರೂ ಕೂಡಿ ನಡೆಸುವಂಥದ್ದು. ಒಳ್ಳೆಯ ಸಮಾರಿತನೂ ನಮ್ಮ ಗುಂಪಿನವನಾಗಿರಲಿಲ್ಲ ಅಲ್ಲವೇ!

ಕೇರಳದವರು ಇನ್ನೊಂದು ದಾರಿ ತೋರಿಸಿದರು. 1993ರಲ್ಲಿ ಕೋಳಿಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಾಮಕ ಆರೈಕೆಯ ಸಂಘ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಊರಿನ ಜನರೇ ತರಬೇತಿ ಪಡೆದು, ನೆರೆಮನೆಯ ರೋಗಿಯನ್ನು ನೋಡಿಕೊಳ್ಳತೊಡಗಿದರು. ಟೀಚರು, ಅಂಗಡಿಯವರು, ಕಾಲೇಜು ಹುಡುಗರು ಎಲ್ಲರೂ. 2008ರಲ್ಲಿ ಕೇರಳ ಸರ್ಕಾರ ಇದನ್ನೇ ತನ್ನ ನೀತಿಯಾಗಿಸಿತು. ದೊಡ್ಡ ಕಟ್ಟಡವಿಲ್ಲದ ನಮ್ಮಂಥ ಊರುಗಳಿಗೆ ಇದೇ ಹತ್ತಿರದ ಮಾದರಿ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಸರ್ಕಾರದ ಪರವಾನಿಗೆಯಲ್ಲಿ ಅಫೀಮು ಬೆಳೆದು ಹೊರದೇಶಗಳಿಗೆ ಕಳಿಸುವ ದೇಶ ನಮ್ಮದು. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಂದ ನಮ್ಮದೇ ರೋಗಿಗಳಿಗೆ ಮಾರ್ಫಿನ್ ಸಿಗುವುದು ದುಸ್ತರವಾಯಿತು. ಹಲವು ಪರವಾನಿಗೆಗಳ ಗೋಜಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ವರ್ಷಗಟ್ಟಲೆ ಹೋರಾಟದ ನಂತರ 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ನಿಯಮ ಸಡಿಲವಾಯಿತು. ಆದರೂ ಎಲ್ಲ ಊರಿನಲ್ಲಿ ಇನ್ನೂ ಸಿಗುವುದಿಲ್ಲ. ನಮ್ಮ ಅಜ್ಜಿಯ ರಾತ್ರಿಗಳ ಹಿಂದೆ ಈ ಇತಿಹಾಸವೂ ಇತ್ತೆಂದು ನಮಗೆ ಆಗ ತಿಳಿದಿರಲಿಲ್ಲ.

ನೋವು ಸಹಿಸುವುದೇ ಶಿಲುಬೆಯೇ?

ನಮ್ಮ ಮನೆಗಳಲ್ಲಿ ಎರಡು ಸಂಶಯಗಳಿವೆ. ಒಂದು, ನೋವು ದೇವರು ಕೊಟ್ಟ ಶಿಲುಬೆ, ಔಷಧ ಕೇಳುವುದು ವಿಶ್ವಾಸದ ಕೊರತೆಯೇ? ಅಲ್ಲ. ಪೋಪ್ 12ನೇ ಭಕ್ತಿನಾಥರು 1957ರಲ್ಲಿಯೇ ವೈದ್ಯರಿಗೆ ಸ್ಪಷ್ಟವಾಗಿ ಹೇಳಿದ್ದಾರೆ: ನೋವು ತಗ್ಗಿಸುವುದೇ ಉದ್ದೇಶವಾಗಿದ್ದು ಬೇರೆ ದಾರಿಯಿಲ್ಲದಾಗ, ಔಷಧದಿಂದ ಮಂಪರು ಬಂದರೂ, ಆಯುಸ್ಸು ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ ಕೊಡಬಹುದು. ನೋವನ್ನು ಪ್ರಭುವಿಗೆ ಅರ್ಪಿಸಲು ಇಚ್ಛಿಸುವವರು ಅರ್ಪಿಸಲಿ. ಇನ್ನೊಬ್ಬರ ನೋವನ್ನು ಅವರ ಪರವಾಗಿ ಅರ್ಪಿಸುವ ಹಕ್ಕು ನಮಗಿಲ್ಲ.

ಎರಡನೆಯದು, ಹಾಸ್ಪಿಸ್ ಎಂದರೆ ಬೇಗ ಸಾಯಿಸುವುದೇ? ಖಂಡಿತ ಇಲ್ಲ. ಹಾಸ್ಪಿಸ್ ಸಾವನ್ನು ಎಳೆದು ತರುವುದಿಲ್ಲ, ಯಂತ್ರಗಳಿಂದ ಸುಮ್ಮನೆ ಮುಂದೂಡುವುದೂ ಇಲ್ಲ. ದಯಾಮರಣವನ್ನು ನಿರಾಕರಿಸುವ ಧರ್ಮಸಭೆ ಉಪಶಾಮಕ ಆರೈಕೆಯನ್ನು ಪ್ರೋತ್ಸಾಹಿಸುತ್ತದೆ. ಈ ವಿಷಯವಾಗಿಯೇ ವಿಶ್ವಾಸಬೋಧನಾ ಪೀಠ 2020ರಲ್ಲಿ ಪ್ರಕಟಿಸಿದ ಪತ್ರದ ಹೆಸರು ‘ಸಮಾರಿತಾನುಸ್ ಬೋನುಸ್’, ಅಂದರೆ ಸದಯ ಸಮಾರಿತ. ಅದಕ್ಕೆ ಹಾಕಿದ ದಿನಾಂಕ ಸಂತ ಕಮಿಲ್ಲಸರ ಹಬ್ಬ, ಜುಲೈ 14.

ಇನ್ನೊಂದು ಮಾತು. ಈ ಆರೈಕೆ ಕ್ಯಾನ್ಸರಿಗೆ ಮಾತ್ರವಲ್ಲ. ಹೃದಯ, ಮೂತ್ರಪಿಂಡ, ಶ್ವಾಸಕೋಶ ಸೋತವರಿಗೆ, ಲಕ್ವ ಹೊಡೆದು ಹಾಸಿಗೆ ಹಿಡಿದವರಿಗೆ, ಗುಣವಾಗದ ಕಾಯಿಲೆಯ ಮಕ್ಕಳಿಗೂ ಬೇಕು. ಕೊನೆಯ ದಿನ ಶುರು ಮಾಡುವಂಥದ್ದೂ ಅಲ್ಲ. ರೋಗ ಗೊತ್ತಾದಾಗಿನಿಂದಲೇ, ಚಿಕಿತ್ಸೆಯ ಜೊತೆಗೇ, ಕೇಳಬಹುದು.

ನಾವೇನು ಮಾಡಬಹುದು?

ನಾವು ಡಾಕ್ಟರುಗಳಲ್ಲ. ಆದರೆ ಲಿಯೋನ್‌ನ ವಿಧವೆಯರೂ ಡಾಕ್ಟರುಗಳಾಗಿರಲಿಲ್ಲ.

“ಮನೀಗೆ ಕರಕೊಂಡು ಹೋಗ್ರಿ” ಎಂದಾಗ, “ನೋವಿಗೆ ಏನು ಕೊಡಬೇಕು? ಪ್ಯಾಲಿಯೇಟಿವ್ ಕೇರ್ ಎಲ್ಲಿ ಸಿಗುತ್ತದೆ?” ಎಂದು ಕೇಳುವ ಧೈರ್ಯ ಮನೆಯವರಿಗಿರಲಿ. ಆ ಹೊತ್ತಿಗೆ ಅವರ ಜೊತೆ ನಮ್ಮಲ್ಲೊಬ್ಬರು ಇರಲಿ. ಭಾರತ ಸರ್ಕಾರ 2012ರಲ್ಲೇ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದೆ. ಹಳ್ಳಿಯ ಆರೋಗ್ಯ ಕೇಂದ್ರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲೂ ಇದು ಸೇರಿದೆ. ಊರಿನ ಆಶಾ ತಾಯಿಯವರಲ್ಲಿ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸೋಣ. ಕೇಳುವವರಿದ್ದರೆ ಸೇವೆ ಬೆಳೆಯುತ್ತದೆ.

ಮನೆಯಲ್ಲಿ ಮಾಡುವ ಕೆಲಸಗಳು ಸಣ್ಣವು, ಕಲಿಯಬಹುದಾದವು. ಹಾಸಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಔಷಧದ ಹೊತ್ತು ಬರೆದಿಟ್ಟು ತಪ್ಪದೆ ಕೊಡುವುದು. ಹಗಲು ರಾತ್ರಿ ನೋಡಿಕೊಳ್ಳುವ ಸೊಸೆಗೋ ಮಗಳಿಗೋ ವಾರಕ್ಕೊಮ್ಮೆ ನಾಲ್ಕು ತಾಸು ನಿದ್ದೆ ಸಿಗುವಂತೆ ನಾವು ಕೂರುವುದು.

ಗುರುಗಳನ್ನು ಕೊನೆಯ ಉಸಿರಿಗೆ ಕಾಯದೆ ಮೊದಲೇ ಕರೆಯೋಣ. ರೋಗಿಗಳ ಅಭ್ಯಂಗ ಸಂಸ್ಕಾರ ಕೊನೆಯ ಗಳಿಗೆಗೆಂದೇ ಮೀಸಲಾದದ್ದಲ್ಲ, ಬಲ ಕೊಡುವ ಸಂಸ್ಕಾರ. ಜಪಸರ ಹೇಳುವಾಗ ರೋಗಿಯ ಉಸಿರಿನ ವೇಗಕ್ಕೆ ಹೇಳೋಣ. ಅವರಿಗೆ ಬೇಡವೆನಿಸಿದ ದಿನ ಸುಮ್ಮನೆ ಕೈ ಹಿಡಿದು ಕೂರೋಣ.

ಬೆತ್ಲೆಹೇಮಿನ ಛತ್ರದಲ್ಲಿ ಮರಿಯಮ್ಮ, ಜೋಸೆಫರಿಗೆ ಜಾಗ ಸಿಗಲಿಲ್ಲ. ಜೆರಿಕೋ ದಾರಿಯ ಛತ್ರದಲ್ಲಿ ಗಾಯಾಳುವಿಗೆ ಸಿಕ್ಕಿತು. ನಮ್ಮ ಊರಿನ ರೋಗಿಗೆ ಯಾವ ಛತ್ರ ಸಿಗಬೇಕು ಎಂಬುದು ನಮ್ಮ ಕೈಯಲ್ಲೂ ಇದೆ.

ಆ ಅಜ್ಜಿ ಈಗಿಲ್ಲ. ಅವರ ಆತ್ಮಕ್ಕೆ ಪ್ರಭು ನಿತ್ಯಶಾಂತಿ ಕೊಡಲಿ. ಮುಂದಿನ ಜುಲೈ 14ರಂದು ಪೂಜೆಯಲ್ಲಿ ಅವರನ್ನು ನೆನೆದು, ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದಿರುವವರ ಹೆಸರುಗಳನ್ನು ಬರೆದುಕೊಳ್ಳೋಣ. ಒಂದೊಂದು ಮನೆಗೆ ಇಬ್ಬಿಬ್ಬರು ಹೋಗೋಣ. ಸೊಸೆ ಬಾಗಿಲ ತನಕ ಬಂದು ಕೇಳಿದರೆ, ಈ ಸಲ ಒಳಗೆ ಮರಳಿ ಹೋಗಿ ಕೂರೋಣ.